ತಮ್ಮನಿಗೆ ಬ್ಯಾಂಕಾಕ್‌ನಿಂದ ಬಾಕ್ಸಿಂಗ್ ಪಂದ್ಯದ ಕರೆ ಬಂದಿದೆ. ಕಳಿಸಬಹುದಾ?

ಕೇಳಿದವರು: ಬೆಂಗಳೂರಿನ ಅಕ್ಕ

ನನ್ನ ತಮ್ಮನಿಗೆ 23 ವರ್ಷ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ರಾಜ್ಯ ಮಟ್ಟದ ಪದಕ ಇದೆ. ಹೋದ ವರ್ಷ ಪ್ರೊ, ಅಂದರೆ ವೃತ್ತಿಪರ ಬಾಕ್ಸರ್ ಆದ. ನಾಲ್ಕು ರೌಂಡಿನ ಮೂರು ಪಂದ್ಯ ಆಡಿದ್ದಾನೆ, ಮೂರೂ ಗೆದ್ದಿದ್ದಾನೆ, ಎಲ್ಲ ಇಲ್ಲೇ ಭಾರತದಲ್ಲಿ. ಈಗ ಬ್ಯಾಂಕಾಕ್‌ನಲ್ಲಿ ಎಂಟು ರೌಂಡಿನ ಪಂದ್ಯಕ್ಕೆ ಕರೆದಿದ್ದಾರೆ. ಇನ್ನು ಹನ್ನೆರಡು ದಿನ ಇದೆ ಅಷ್ಟೇ. ಇವನು ಆಡುವುದು ಲೈಟ್‌ವೇಟ್, ಅಂದರೆ 61.2 ಕೆ.ಜಿ. ಅವರು ಕೇಳುತ್ತಿರುವುದು 64. ಇವನಿಗೂ ಜೊತೆಗೆ ಒಬ್ಬರಿಗೂ ವಿಮಾನ, ಹೋಟೆಲ್ ಖರ್ಚು ಅವರದೇ. ಫೋನ್ ಬಂದಾಗಿನಿಂದ ಅವನು ನೆಲದ ಮೇಲೆ ನಿಂತಿಲ್ಲ. ಅಪ್ಪ ಅಮ್ಮ ನನ್ನ ಮುಖ ನೋಡುತ್ತಿದ್ದಾರೆ. ಈ ದಾರಿ ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಿಂದೆ ಆಡುತ್ತಿದ್ದವರು, ಈಗ ಜಿಮ್ ನಡೆಸುತ್ತಾರೆ

ಅಕ್ಕಾ, ಅವನನ್ನೇ ಯಾಕೆ ಕರೆದರು ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಉಳಿದದ್ದೆಲ್ಲ ಆಮೇಲೆ.

ಪ್ರೊ ಬಾಕ್ಸಿಂಗ್‌ನಲ್ಲಿ ಹೆಚ್ಚಿನ ಪಂದ್ಯಗಳಲ್ಲಿ ಒಬ್ಬ ಊರ ಹುಡುಗ, ಒಬ್ಬ ಹೊರಗಿನವ. ಟಿಕೆಟ್ ಮಾರಾಟವಾಗುವುದು ಊರ ಹುಡುಗನ ಹೆಸರಿನಲ್ಲಿ. ಪಂದ್ಯ ಏರ್ಪಡಿಸುವ ಪ್ರಮೋಟರ್ ದುಡ್ಡು ಹಾಕಿರುವುದು ಅವನ ಮೇಲೆ. ಅವನಿಗೆ ತಕ್ಕ ಎದುರಾಳಿಯನ್ನು ಹುಡುಕಿ ತರುವುದಕ್ಕೇ ಮ್ಯಾಚ್‌ಮೇಕರ್ ಅಂತ ಒಬ್ಬ ಇರುತ್ತಾನೆ. ಮೂರಕ್ಕೆ ಮೂರು ಗೆದ್ದ, ಎಂಟು ರೌಂಡ್ ಒಮ್ಮೆಯೂ ಆಡದ, ಹನ್ನೆರಡೇ ದಿನದಲ್ಲಿ ಬರಲು ತಯಾರಿರುವ ಹುಡುಗ ಅಂದರೆ ಅವನಿಗೆ ಇನ್ನೇನು ಬೇಕು? ಪೋಸ್ಟರ್‌ನಲ್ಲಿ 'ಸೋಲಿಲ್ಲದ ಭಾರತೀಯ' ಅಂತ ಹಾಕಬಹುದು. ಐದನೇ ರೌಂಡಿಗೆ ಕಾಲು ಸೋಲುತ್ತದೆ ಅನ್ನುವುದೂ ಅವನಿಗೆ ಗೊತ್ತಿರುತ್ತದೆ.

ನಾನು ಹೀಗೆ ಕರೆ ಬಂದಾಗ ಹೊರದೇಶಕ್ಕೆ ಹೋಗಿ ಆಡಿದವನು. ಅಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಕುರ್ಚಿ ತಿರುಗಿಸಿ, ಅದರ ಬೆನ್ನಿನ ಮೇಲೆ ಕೈ ಚಾಚಿ ಕೂತಿದ್ದೆ. ಕೋಚ್ ಬೆರಳ ಗೆಣ್ಣಿನ ಮೇಲೆ ಗಾಜ್ ಬಟ್ಟೆ ಸುತ್ತಿ ಟೇಪ್ ಹಾಕುತ್ತಿದ್ದರು. ಎದುರಾಳಿ ಕಡೆಯ ಒಬ್ಬರು ಒಂದು ಮಾತೂ ಆಡದೆ ನೋಡುತ್ತಾ ನಿಂತಿದ್ದರು. ಸುತ್ತಿ ಮುಗಿದ ಮೇಲೆ ಪಂದ್ಯದ ಇನ್ಸ್‌ಪೆಕ್ಟರ್ ಬಂದು ಎರಡೂ ಕೈ ಒತ್ತಿ ನೋಡಿ, ಟೇಪಿನ ಮೇಲೆ ಮಾರ್ಕರ್‌ನಲ್ಲಿ ಸಹಿ ಹಾಕಿದರು. ಎಲ್ಲ ನಿಯಮದ ಪ್ರಕಾರವೇ ನಡೆಯಿತು. ಆದರೆ ನಾನು ಯಾರ ಎದುರು, ಎಷ್ಟು ತೂಕದಲ್ಲಿ, ಎಷ್ಟು ರೌಂಡ್ ಆಡಬೇಕು ಅನ್ನುವುದು ತಿಂಗಳ ಹಿಂದೆ ಬೇರೆ ಯಾರದೋ ಟೇಬಲ್ ಮೇಲೆ ತೀರ್ಮಾನವಾಗಿತ್ತು. ಬೆಲ್ ಹೊಡೆಯುವ ಹೊತ್ತಿಗೆ ಅರ್ಧ ಪಂದ್ಯ ಮುಗಿದೇ ಹೋಗಿರುತ್ತದೆ.

ವಿಜೇಂದರ್ ಸಿಂಗ್ ಹೇಗೆ ಬೆಳೆದರು ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದವರು. ಪ್ರೊ ಆಗಿದ್ದು 2015ರಲ್ಲಿ. ಅಷ್ಟು ದೊಡ್ಡ ಹೆಸರಿದ್ದರೂ ಅವರನ್ನು ನೇರವಾಗಿ ದೊಡ್ಡ ಪಂದ್ಯಕ್ಕೆ ತಳ್ಳಲಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಮನೆ ಮಾಡಿ, ಕೋಚ್ ಲೀ ಬಿಯರ್ಡ್ ಕೈಕೆಳಗೆ ತರಬೇತಿ ಪಡೆದು, 2015ರ ಅಕ್ಟೋಬರ್‌ನಿಂದ ಮರುವರ್ಷದ ಮೇ ತನಕ ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ಆರು ಪಂದ್ಯ ಗೆದ್ದರು. ಆಮೇಲೆಯೇ 2016ರ ಜುಲೈನಲ್ಲಿ ದೆಹಲಿಯ ತ್ಯಾಗರಾಜ್ ಕ್ರೀಡಾಂಗಣದಲ್ಲಿ ಕೆರಿ ಹೋಪ್ ಎದುರು ಹತ್ತು ರೌಂಡ್ ಪೂರ್ತಿ ಆಡಿ ಡಬ್ಲ್ಯುಬಿಒ ಅನ್ನುವ ಪ್ರೊ ಬಾಕ್ಸಿಂಗ್ ಸಂಸ್ಥೆಯ ಏಷ್ಯಾ ಪೆಸಿಫಿಕ್ ಬೆಲ್ಟ್ ಗೆದ್ದಿದ್ದು. ಅವರು ಆಡಿದ್ದು ವಿದೇಶದಲ್ಲೇ, ಆದರೆ ಪ್ರಮೋಟರ್ ಅವರ ಕಡೆಯವನು. ಎದುರಾಳಿಯನ್ನು ಇವರಿಗಾಗಿ ಆರಿಸುತ್ತಿದ್ದರು. ನಿಮ್ಮ ತಮ್ಮನ ವಿಷಯದಲ್ಲಿ ಇದು ತಿರುವುಮುರುವು. ಅವನನ್ನು ಇನ್ನೊಬ್ಬನಿಗಾಗಿ ಆರಿಸಿದ್ದಾರೆ.

ಹೊರಗಿನವನಾಗಿ ಹೋಗುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಪೀಟರ್ ಬಕ್ಲಿ 300 ಪಂದ್ಯ ಆಡಿ 256 ಸೋತರು. ನನಗೆ ಅವರ ಮೇಲೆ ತುಂಬಾ ಗೌರವ ಇದೆ. ಪೆಟ್ಟು ತಪ್ಪಿಸಿಕೊಳ್ಳುವುದು, ಪೂರ್ತಿ ರೌಂಡ್ ನಿಲ್ಲುವುದು, ಮುಂದಿನ ವಾರ ಮತ್ತೆ ಆಡಲು ಮೈ ಉಳಿಸಿಕೊಳ್ಳುವುದು ಸುಮ್ನೆ ಬರುವ ವಿದ್ಯೆಯಲ್ಲ. ಅವರು ಗೊತ್ತಿದ್ದೇ ಆ ಕೆಲಸಕ್ಕೆ ಸೇರಿದವರು. ನಿಮ್ಮ ತಮ್ಮ ಗೊತ್ತಿಲ್ಲದೆ ಸೇರುವುದು ಬೇಡ.

ಕಾರ್ನರ್‌ನಲ್ಲಿ ಗಾಯ ನೋಡಿಕೊಳ್ಳುವವರು

ಜೊತೆಗೆ ಒಬ್ಬರೇ ಅಂದಿರಲ್ಲ, ನನಗೆ ಅದೇ ಚಿಂತೆ. ಎರಡು ರೌಂಡಿನ ನಡುವೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲಿ ಸ್ಟೂಲ್ ಹಾಕಬೇಕು, ಮೌತ್‌ಗಾರ್ಡ್ ತೆಗೆದು ತೊಳೆಯಬೇಕು, ನೀರು ಕೊಡಬೇಕು, ಕೋಚ್ ಮಾತಾಡಬೇಕು. ಹುಬ್ಬು ಸೀಳಿದ್ದರೆ ಅಡ್ರಿನಲಿನ್ ಹಚ್ಚಿದ ಹತ್ತಿಯನ್ನು ಗಾಯದೊಳಗೇ ಒತ್ತಿ ಹಿಡಿಯಬೇಕು. ಕಣ್ಣಿನ ಕೆಳಗೆ ಊದಿಕೊಂಡರೆ ತಣ್ಣಗಿನ ಕಬ್ಬಿಣ ಇಡಬೇಕು. ಕೋಚ್ ಒಬ್ಬರಿಂದಲೇ ಇಷ್ಟೂ ಆಗುವ ಕೆಲಸ ಅಲ್ಲ. ಎರಡನೇ ಆಳನ್ನು ಅಲ್ಲಿಯವರೇ ಕೊಡುತ್ತಾರೆ, ಅವನಿಗೆ ನಿಮ್ಮ ಹುಡುಗನ ಹೆಸರೂ ಗೊತ್ತಿರುವುದಿಲ್ಲ, ಭಾಷೆಯೂ ಬೇರೆ. ಇಬ್ಬರಿಗೆ ಟಿಕೆಟ್ ಕೇಳಿ. ಕೊಡದಿದ್ದರೆ ಇನ್ನೊಬ್ಬರನ್ನು ನಿಮ್ಮ ಖರ್ಚಿನಲ್ಲೇ ಕಳಿಸಿ.

ಕೋಚ್ ಹತ್ತಿರ ಒಂದು ಮಾತು ಮೊದಲೇ ಆಡಿಕೊಳ್ಳಿ. ಪಂದ್ಯ ನಿಲ್ಲಿಸಬೇಕು ಅನ್ನಿಸಿದ ಕ್ಷಣ ನಿಲ್ಲಿಸಬೇಕು, ಹುಡುಗ ಬೈದರೂ ಸರಿ, ಮನೆಯವರು ಯಾರೂ ಅವರನ್ನು ದೂರುವುದಿಲ್ಲ ಅಂತ. ಆ ಧೈರ್ಯ ಕೋಚ್‌ಗೆ ಬೇಕಾಗುತ್ತದೆ.

ವೈದ್ಯರು, ರಿಂಗ್ ಪಕ್ಕ ಕೂತು ಅಭ್ಯಾಸ ಇರುವವರು

ತೂಕದ ಬಗ್ಗೆ ಹೇಳಲೇಬೇಕು. ಮೂರು ಕೆ.ಜಿ.ಗೂ ಕಡಿಮೆ, ಅಷ್ಟೇನಾ ಅನ್ನಿಸಬಹುದು. ತೂಕ ನೋಡುವುದು ಪಂದ್ಯದ ಹಿಂದಿನ ದಿನ. 64ಕ್ಕೆ ಇಳಿದು ಬಂದವನು ರಾತ್ರಿಯೆಲ್ಲ ನೀರು, ಊಟ ಸೇರಿಸಿಕೊಂಡು ಮರುದಿನ 68, 69 ಆಗಿ ರಿಂಗಿಗೆ ಬರಬಹುದು. ನಿಮ್ಮ ತಮ್ಮ ಎಷ್ಟಿರುತ್ತಾನೆ? ಗ್ಲೌಸ್ ಇಬ್ಬರದೂ 8 ಔನ್ಸ್. ಅಮೆಚೂರ್‌ನಲ್ಲಿ ಈ ತೂಕಕ್ಕೆ 10 ಔನ್ಸ್ ಹಾಕಿ ಮೂರು ರೌಂಡ್ ಆಡುತ್ತಿದ್ದ ತಲೆ ಅದು.

ಕೊರಿಯಾದ ಕಿಮ್ ಡುಕ್ ಕೂ 1982ರಲ್ಲಿ ಲಾಸ್ ವೇಗಸ್‌ಗೆ ಬಂದು ರೇ ಮ್ಯಾನ್ಸಿನಿ ಎದುರು 14ನೇ ರೌಂಡಿನಲ್ಲಿ ಬಿದ್ದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆಯೇ ಡಬ್ಲ್ಯುಬಿಸಿ ಅನ್ನುವ ಪ್ರೊ ಬಾಕ್ಸಿಂಗ್ ಸಂಸ್ಥೆ ತನ್ನ ಚಾಂಪಿಯನ್‌ಷಿಪ್ ಪಂದ್ಯಗಳನ್ನು 15ರಿಂದ 12 ರೌಂಡಿಗೆ ಇಳಿಸಿದ್ದು. ಅಷ್ಟು ದೂರ ಯಾಕೆ, ನಮ್ಮ ಬೆಂಗಳೂರಿನಲ್ಲೇ 2022ರ ಜುಲೈನಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಏಟು ತಿಂದ ಮೈಸೂರಿನ ಹುಡುಗ ಉಳಿಯಲಿಲ್ಲ. ಸ್ಥಳದಲ್ಲಿ ಚಿಕಿತ್ಸೆಗೆ ಸರಿಯಾದ ವ್ಯವಸ್ಥೆ ಇರಲಿಲ್ಲ ಅಂತ ಮನೆಯವರು ಹೇಳಿದ್ದರು. ಅದನ್ನು ಓದಿದಾಗ ಆದ ಸಂಕಟ ನನಗೆ ಈಗಲೂ ಇದೆ. ಅದಕ್ಕೇ ನೇರವಾಗಿ ಕೇಳುತ್ತೇನೆ: ರಿಂಗ್ ಪಕ್ಕ ಡಾಕ್ಟರ್ ಇರುತ್ತಾರಾ? ಆಂಬುಲೆನ್ಸ್ ಹೊರಗೆ ನಿಂತಿರುತ್ತದಾ, ಫೋನ್ ಮಾಡಿ ಕರೆಸಬೇಕಾ? ತಲೆಯ ಆಪರೇಷನ್ ಮಾಡುವ ಆಸ್ಪತ್ರೆ ಎಷ್ಟು ದೂರ? ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಉತ್ತರ ತಡಬಡಾಯಿಸಿದರೆ ಪಂದ್ಯ ಬೇಡ.

ಅವನ ತಲೆಯ ಎಂಆರ್‌ಐ ಆಗಿದೆಯಾ? ಬ್ರಿಟನ್‌ನಲ್ಲಿ ಲೈಸೆನ್ಸ್ ಬೇಕಾದರೆ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ರಕ್ತ ಪರೀಕ್ಷೆ ಇಲ್ಲದೆ ಆಗುವುದಿಲ್ಲ. ಯಾರೂ ಕೇಳದಿದ್ದರೂ ನೀವೇ ಮಾಡಿಸಿ ಇಟ್ಟುಕೊಳ್ಳಿ. ಪಂದ್ಯದಲ್ಲಿ ಜಾಸ್ತಿ ಏಟು ಬಿದ್ದಿದ್ದರೆ ಅದೇ ರಾತ್ರಿ ವಿಮಾನ ಹತ್ತಿಸಬೇಡಿ. ತಲೆನೋವು ಏರುತ್ತಾ ಹೋಗುವುದು, ವಾಂತಿ, ಮಾತು ತೊದಲುವುದು, ಎಬ್ಬಿಸಿದರೂ ಏಳದ ನಿದ್ದೆ, ಇವುಗಳಲ್ಲಿ ಒಂದು ಕಂಡರೂ ನೇರ ಆಸ್ಪತ್ರೆಗೆ. ರಾತ್ರಿ ಅವನ ರೂಮಿನಲ್ಲಿ ಯಾರಾದರೂ ಜೊತೆಗಿರಲಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗ, ವಾರಾಂತ್ಯದಲ್ಲಿ ಬಾಕ್ಸಿಂಗ್ ನೋಡಲು ಹೋಗುವವರು

ಮೇಲಿನವರ ಮಾತು ಸರಿ, ಆದರೂ ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಮನೆಯಲ್ಲೇ ಕೂತರೂ ಬಾಕ್ಸರ್ ಬೆಳೆಯುವುದಿಲ್ಲ. ಭಾರತದಲ್ಲಿ ಪ್ರೊ ಪಂದ್ಯಗಳು ನಡೆಯುವುದೇ ಕಡಿಮೆ. ಸುಲಭದ ಎದುರಾಳಿಗಳನ್ನು ತಂದು ಹತ್ತಕ್ಕೆ ಹತ್ತು ಮಾಡಿಕೊಂಡರೆ ಆ ದಾಖಲೆಯನ್ನು ಹೊರಗೆ ಯಾರೂ ನಂಬುವುದಿಲ್ಲ. ಬಾಕ್ಸರ್‌ಗಳ ದಾಖಲೆ ಇಡುವ ಬಾಕ್ಸ್‌ರೆಕ್ ವೆಬ್‌ಸೈಟ್ ತೆರೆದರೆ ಯಾರ ಎದುರು ಗೆದ್ದ ಅನ್ನುವುದೆಲ್ಲ ಕಾಣುತ್ತದೆ. ಊರಲ್ಲಿ ಆಡಿದರೆ ಸೋಲಿಲ್ಲ ಅಂತಲೂ ಇಲ್ಲ. ವಿಜೇಂದರ್ ಮೊದಲ ಸಲ ಸೋತಿದ್ದು ಗೋವಾದಲ್ಲಿ, 2021ರ ಮಾರ್ಚ್‌ನಲ್ಲಿ, ರಷ್ಯಾದ ಆರ್ತಿಶ್ ಲೋಪ್ಸನ್ ಎದುರು. ಒಂದು ವರ್ಷಕ್ಕೂ ಮೀರಿ ಪಂದ್ಯವಿಲ್ಲದೆ ಇದ್ದು ಬಂದಿದ್ದರು.

ನಿಶಾಂತ್ ದೇವ್ ಹರಿಯಾಣದವರು, ನಮ್ಮ ಬಳ್ಳಾರಿ ಕಡೆಯ ವಿಜಯನಗರದ ಇನ್‌ಸ್ಪೈರ್ ಕ್ರೀಡಾ ಇನ್‌ಸ್ಟಿಟ್ಯೂಟ್‌ನಲ್ಲಿ ಪಳಗಿದವರು. 2023ರ ವಿಶ್ವ ಚಾಂಪಿಯನ್‌ಷಿಪ್ ಕಂಚು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್‌ಫೈನಲ್. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಪ್ರೊ ಆಗಿ ಮೊದಲ ಪಂದ್ಯವನ್ನು ಮೊದಲ ರೌಂಡಿನಲ್ಲೇ ಮುಗಿಸಿದರು. ಹೊರಗಿನ ಅನುಭವ ಬೇಕೇ ಬೇಕು. ಆದರೆ ಮೊದಲು ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಆಟಕ್ಕೆ ಅಂತ ಒಂದೆರಡು ತಿಂಗಳು ಹೋಗಿ ಬರಲಿ. ಥಾಯ್ಲೆಂಡ್‌ನಲ್ಲಿ ಒಳ್ಳೆಯ ಜಿಮ್‌ಗಳಿವೆ. ಆಗ ಅವನೇ ಹೇಳುತ್ತಾನೆ, ಎಂಟು ರೌಂಡ್ ಆಗುತ್ತದೋ ಇಲ್ಲವೋ ಅಂತ.

ಬಾಕ್ಸರ್ ಒಬ್ಬನ ತಂದೆ, ಹುಬ್ಬಳ್ಳಿ

ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ಬಾಕ್ಸಿಂಗ್ ಹುಡುಗರಿಗೆ ಅನ್ನ ಕೊಡುವುದು ಸ್ಪೋರ್ಟ್ಸ್ ಕೋಟಾ. ರೈಲ್ವೆ, ಸೇನೆ, ಪೊಲೀಸ್. ಅಲ್ಲಿ ಲೆಕ್ಕಕ್ಕೆ ಬರುವುದು ಅಮೆಚೂರ್ ಪದಕ. ಪ್ರೊ ಗೆಲುವಿಗೆ ಆ ಬೆಲೆ ಇಲ್ಲ. ವಿಜೇಂದರ್ ಹರಿಯಾಣ ಪೊಲೀಸ್‌ನಲ್ಲಿ ಡಿಎಸ್‌ಪಿ ಆಗಿದ್ದರು, ಅಂಥವರು ಪ್ರೊ ಆದಾಗಲೂ ಕೆಲಸದ ಪ್ರಶ್ನೆ ಎದ್ದಿತು. ನನ್ನ ಮಗ ಅಮೆಚೂರ್‌ನಲ್ಲೇ ಉಳಿದ, ರೈಲ್ವೆ ಸೇರಿದ. ಅವನಿಗೆ ಆಸೆ ಇತ್ತು, ಮನೆಯ ಪರಿಸ್ಥಿತಿ ಹಾಗಿತ್ತು. ನಿಮ್ಮ ತಮ್ಮ ಪ್ರೊ ಆಗಿ ಆಗಿದೆ, ಈಗ ಅದರ ಮಾತು ಬೇಡ. ಆದರೆ ಕೈಯಲ್ಲಿರುವ ಕೆಲಸ ಏನೇ ಇರಲಿ, ಬಿಡಿಸಬೇಡಿ. ಗಾಯವಾದರೆ ಪಂದ್ಯವಿಲ್ಲ, ಪಂದ್ಯವಿಲ್ಲದಿದ್ದರೆ ಸಂಬಳವಿಲ್ಲ. ನೀರಜ್ ಗೋಯತ್‌ಗೆ 2019ರಲ್ಲಿ ಜೆಡ್ಡಾದಲ್ಲಿ ಬ್ರಿಟನ್ ಬಾಕ್ಸರ್ ಆಮಿರ್ ಖಾನ್ ಎದುರು ಪಂದ್ಯ ನಿಗದಿಯಾಗಿತ್ತು. ಕೆಲವೇ ವಾರ ಮೊದಲು ರಸ್ತೆ ಅಪಘಾತ. ಪಂದ್ಯ ಬೇರೆಯವರ ಪಾಲಾಯಿತು. ಅವರು ಮತ್ತೆ ಎದ್ದು 2024ರಲ್ಲಿ ಟೆಕ್ಸಾಸ್‌ನಲ್ಲಿ, ಟೈಸನ್ ಆಡಿದ ರಾತ್ರಿಯೇ, ಆಡಿ ಗೆದ್ದರು. ನಡುವಿನ ಐದು ವರ್ಷ ಮನೆ ನಡೆಯಬೇಕಲ್ವಾ?

ಲೆಕ್ಕಪತ್ರ ನೋಡುವವರು

ಎರಡೇ ಮಾತು. ಕಾಂಟ್ರ್ಯಾಕ್ಟ್‌ನಲ್ಲಿ ಮೊತ್ತ, ಯಾವ ಕರೆನ್ಸಿ, ತೆರಿಗೆ ಕಳೆದ ಮೇಲೋ ಮೊದಲೋ, ಪಂದ್ಯ ರದ್ದಾದರೆ ಎಷ್ಟು ಅನ್ನುವುದು ಬರೆದಿರಬೇಕು. ಅಮೆರಿಕದಲ್ಲಾದರೆ ಹೊರದೇಶದ ಆಟಗಾರನ ಹಣದಿಂದ ಸಾಮಾನ್ಯವಾಗಿ 30% ತೆರಿಗೆ ಮೊದಲೇ ಮುರಿದುಕೊಳ್ಳುತ್ತಾರೆ, ಬ್ರಿಟನ್‌ನಲ್ಲಿ 20%. ಮ್ಯಾನೇಜರ್‌ಗೆ, ಕೋಚ್‌ಗೆ ಕೊಟ್ಟು ಉಳಿಯುವುದು ಎಷ್ಟು ಅಂತ ಪೇಪರ್ ಮೇಲೆ ಹಾಕಿ ನೋಡಿ. ಸಾಧಾರಣ ಟ್ರಾವೆಲ್ ಇನ್ಶೂರೆನ್ಸ್ ವೃತ್ತಿಪರ ಬಾಕ್ಸಿಂಗ್‌ನ ಗಾಯಕ್ಕೆ ಹಣ ಕೊಡುವುದಿಲ್ಲ. ಆ ಖರ್ಚು ಯಾರದು ಅನ್ನುವ ಸಾಲು ಇಲ್ಲದೆ ಸಹಿ ಬೇಡ.

ಕೇಳಿದವರು: ಬೆಂಗಳೂರಿನ ಅಕ್ಕ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಅವನೂ ಕೋಚೂ ನಾನೂ ಕೂತು ಇದನ್ನೆಲ್ಲ ಓದಿದೆವು. ಬಾಕ್ಸ್‌ರೆಕ್ ನೋಡಿದೆವು. ಎದುರಾಳಿ ಹನ್ನೊಂದು ಪಂದ್ಯದಲ್ಲಿ ಒಂಬತ್ತು ಗೆದ್ದವನು, ಎಡಗೈಯವನು, ಎಂಟು ರೌಂಡ್ ಎರಡು ಸಲ ಪೂರ್ತಿ ಆಡಿದ್ದಾನೆ. ತಮ್ಮ ತುಂಬಾ ಹೊತ್ತು ಸುಮ್ಮನೆ ಕೂತ. ಆಮೇಲೆ 'ಆರು ರೌಂಡ್, 62 ಕೆ.ಜಿ., ಆರು ವಾರ ಟೈಮ್ ಕೊಟ್ಟರೆ ಆಡುತ್ತೇನೆ' ಅಂದ. ಅದನ್ನೇ ಕೋಚ್ ಬರೆದು ಕಳಿಸಿದ್ದಾರೆ. ಇಬ್ಬರಿಗೆ ಟಿಕೆಟ್, ಆಂಬುಲೆನ್ಸ್, ಆಸ್ಪತ್ರೆ ಖರ್ಚು ಎಲ್ಲ ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಎಂಆರ್‌ಐಗೆ ನಾಳೆ ಹೋಗುತ್ತೇವೆ.

ಹಿಂದೆ ಆಡುತ್ತಿದ್ದವರು, ಈಗ ಜಿಮ್ ನಡೆಸುತ್ತಾರೆ

ಒಳ್ಳೆಯದಾಯಿತು. ಅವರು ಒಪ್ಪದಿದ್ದರೆ ಬಿಡಿ, ಬೇರೆ ಪಂದ್ಯ ಬರುತ್ತದೆ. ಒಪ್ಪಿದರೆ ಎಡಗೈಯವರ ಜೊತೆ ಸ್ಪಾರಿಂಗ್ ಈಗಿಂದಲೇ ಶುರುವಾಗಬೇಕು. ನಮ್ಮ ಜಿಮ್‌ನಲ್ಲಿ ಇಬ್ಬರು ಸೌತ್‌ಪಾ, ಅಂದರೆ ಎಡಗೈ ಹುಡುಗರಿದ್ದಾರೆ, ಒಬ್ಬ ಇವನ ತೂಕದವನೇ. ಎಡಗೈಯವನ ಮುಂದಿನ ಬಲಗಾಲಿನ ಹೊರಗೆ ಕಾಲಿಡುವುದನ್ನು ಅಭ್ಯಾಸ ಮಾಡಿಸುತ್ತೇನೆ, ದುಡ್ಡೇನೂ ಬೇಡ. ಸ್ಕ್ಯಾನ್ ರಿಪೋರ್ಟ್ ಸರಿಯಿದ್ದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಕೋಚ್ ಜೊತೆ ಕಳಿಸಿ. 16 ಔನ್ಸ್ ಗ್ಲೌಸ್, ಹೆಡ್‌ಗಾರ್ಡ್ ತರಲಿ.