ಸೀಸನ್ ಕೈಜಾರಿದ್ದು ಗಾಯಗಳಿಂದಲೇನಾ?

ಪ್ರಶ್ನೆ: ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ) ಐಸ್ ಹಾಕಿ ಟೂರ್ನಿಯ 16 ತಂಡಗಳಲ್ಲಿ ಈ ಸಲವೂ ನಮ್ಮ ಕಾಲೇಜು ಇಲ್ಲ. ಶುಕ್ರವಾರ ಚೆನ್ನಾಗಿ ಆಡ್ತೀವಿ, ಶನಿವಾರ ಮೂರನೇ, ಅಂದ್ರೆ ಕೊನೆಯ ಪೀರಿಯಡ್‌ನಲ್ಲಿ ಕೈಚೆಲ್ತೀವಿ. ಇಬ್ಬರು ಡಿಫೆನ್ಸ್‌ಮನ್ (ರಕ್ಷಣಾ ಆಟಗಾರರು) ಗಾಯಗೊಂಡು, ಒಬ್ಬರು ತೊಡೆಸಂದಿನ, ಇನ್ನೊಬ್ಬರು ಕಣಕಾಲಿನ ನೋವಿನಿಂದ, ಹೊರಗಿದ್ದದ್ದೇ ಕಾರಣವಾ?

ಉತ್ತರ 1: ಬಹುಪಾಲು ಅದೇ. 60 ನಿಮಿಷದ ಆಟದಲ್ಲಿ ಡಿಫೆನ್ಸ್‌ಮನ್‌ಗಳು ಜೋಡಿಯಾಗಿ ಸರದಿಯಲ್ಲಿ ಇಳಿಯುತ್ತಾರೆ; ಮೂರು ಜೋಡಿ ಸರಿಯಾಗಿದ್ದರೆ ಒಬ್ಬೊಬ್ಬರಿಗೆ ಸುಮಾರು 20 ನಿಮಿಷ. ಮೊದಲ ಜೋಡಿ ಹೋದರೆ ನಂಬಿಕಸ್ಥ ನಾಲ್ವರ ಮೇಲೆ 25ಕ್ಕೂ ಹೆಚ್ಚು ಬೀಳುತ್ತೆ. ಅದರಲ್ಲೂ ಎರಡನೇ ಪೀರಿಯಡ್‌ನಲ್ಲಿ ಬದಿ ಬದಲಾಗುವುದರಿಂದ ನಮ್ಮ ಬೆಂಚ್ ನಮ್ಮ ಗೋಲಿನಿಂದ ದೂರ. ಪಕ್ (ಆಟದ ರಬ್ಬರ್ ಬಿಲ್ಲೆ) ನಮ್ಮ ವಲಯದಿಂದ ಹೊರಹಾಕದೆ ಆಟಗಾರರ ಬದಲಿ ಆಗಲ್ಲ, 45 ಸೆಕೆಂಡಿನ ಶಿಫ್ಟ್ (ಒಂದು ಸಲ ಐಸ್ ಮೇಲಿರುವ ಅವಧಿ) 70 ದಾಟುತ್ತೆ. ಮೂರನೆಯದಕ್ಕೆ ಕಾಲಲ್ಲಿ ಕಸುವೇ ಇರಲ್ಲ.

ಉತ್ತರ 2: ಒಪ್ಪಿದೆ, ಆದರೆ ತೊಡೆಸಂದಿನ ಸ್ನಾಯುವಿಗೆ ಆಗುವ ಎಳೆತದ ಗಾಯವನ್ನು (ಸ್ಟ್ರೇನ್) ದುರದೃಷ್ಟ ಅಂತ ಬಿಡಬೇಡಿ. ಕಾಲು ಒಳಗೆಳೆಯುವ ಸ್ನಾಯುವಿನ ಬಲ, ಹೊರತಳ್ಳುವ ಸ್ನಾಯುವಿನ ಶೇ. 80ಕ್ಕಿಂತ ಕಡಿಮೆ ಇದ್ದರೆ ಅಪಾಯ ಜಾಸ್ತಿ. ಸೀಸನ್‌ಗೆ ಮುಂಚೆಯೇ ಅಳೆದು ಕೋಪನ್‌ಹೇಗನ್ ವ್ಯಾಯಾಮ ಮಾಡಿಸಬೇಕು: ಪಕ್ಕಕ್ಕೆ ಮಲಗಿ, ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಸೊಂಟ ಎತ್ತುವುದು.

ಉತ್ತರ 3: ಹೈ ಆ್ಯಂಕಲ್ ಸ್ಪ್ರೇನ್‌ಗೆ (ಕಣಕಾಲಿನ ಮೇಲ್ಭಾಗದ ಅಸ್ಥಿರಜ್ಜಿನ ಗಾಯ) ವಾಸಿಯಾಗಲು ಕೆಲವೊಮ್ಮೆ ಆರು ವಾರವೂ ಸಾಲದು. ನೇರ ಸ್ಕೇಟಿಂಗ್‌ಗೆ ನೋವಿಲ್ಲದೆಯೂ ಇರಬಹುದು. ಪಾದ ಹೊರತಿರುಗಿಸಿ ತಳ್ಳಿದಾಗಲೇ ಗೊತ್ತಾಗೋದು. ಅದನ್ನು ಪರೀಕ್ಷಿಸದೆ ಆಟಕ್ಕೆ ಇಳಿಸುವುದು ತಪ್ಪು.