ವ್ಯಾಕ್ಯೂಮಿಗೆ ಚುರುಮುರಿ ಪರೀಕ್ಷೆ

ಕೋಥರೂಡಿನ ನಮ್ಮ ಬಿಲ್ಡಿಂಗಿನಲ್ಲಿ ಮೆಟ್ಟಿಲ ಕೆಳಗೆ ಒಂದು ಹಳೇ ಮೀಟರ್ ಪೆಟ್ಟಿಗೆ ಇದೆ. ಮೀಟರುಗಳು ಯಾವತ್ತೋ ಬೇರೆ ಕಡೆ ಹೋದವು. ಈಗ ಅದರಲ್ಲಿ ವೈರೂ ಇಲ್ಲ, ಕರೆಂಟೂ ಇಲ್ಲ. ಈ ಸಲ ಅದಕ್ಕೆ ಜೇನು ಬಾಡಿಗೆಗೆ ಬಂದವು. ಡಿಪಾಸಿಟ್ ಇಲ್ಲ, ಅಗ್ರಿಮೆಂಟ್ ಇಲ್ಲ. ಪುಣೆಯಲ್ಲಿ ಮನೆ ಹುಡುಕಲು ನನಗೆ ಎಂಟು ತಿಂಗಳು ಹಿಡಿದಿತ್ತು, ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಸೊಸೈಟಿಯ ಸೆಕ್ರೆಟರಿ ನೋಡಿದವರೇ "ಔಷಧ ಮಾರಾ" ಅಂದರು. ಮರಾಠಿಯಲ್ಲಿ ಹಾಗಂದರೆ ಔಷಧ ಹೊಡೆಯಿರಿ ಅಂತ. ಮೈಸೂರಿಂದ ಬಂದ ಹೊಸದರಲ್ಲಾಗಿದ್ದರೆ ನಾನು ಔಷಧದ ಅಂಗಡಿಯನ್ನೇ ಇಟ್ಟುಬಿಡುತ್ತಿದ್ದೆ.

ಭಾನುವಾರ ಬೆಳಗ್ಗೆ ಎಂದಿನಂತೆ ನಮ್ಮ ಮನೆಯಲ್ಲಿ ಸಭೆ. ಧಾರವಾಡದ ಪಾಟೀಲರು ಊರಿಂದ ಬಂದ ಚುರುಮುರಿಯನ್ನು ಚೀಲದ ಸಮೇತ ತಂದಿದ್ದರು. ಅದನ್ನು ನಾನು ಕಡಲೆಪುರಿ ಅಂದೆ, ಶಿರಸಿಯ ಹೆಗಡೆ ಮಂಡಕ್ಕಿ ಅಂದ. ಹತ್ತು ನಿಮಿಷ ಅದೇ ಜಗಳ. ಆಮೇಲೆ ಜೇನಿನ ವಿಷಯ ಬಂತು.

"ಔಷಧ ಯಾಕ್ರೀ?" ಅಂದರು ಪಾಟೀಲರು. "ನಿಮ್ಮನ್ಯಾಗ ವ್ಯಾಕ್ಯೂಮ್ ಐತಲ್ರೀ. ಪೈಪ್ ಹಿಡಿಯೂದು, ಸುರ್ ಅಂತ ಎಳಿಯೂದು, ಮುಗೀತು. ಅಮೆರಿಕಾದಾಗ ಹಂಗ ಮಾಡ್ತಾರ, ಫೋನಿನ್ಯಾಗ ನೋಡೇನಿ."

"ನನ್ನ ವ್ಯಾಕ್ಯೂಮ್ ಯಾರೂ ಮುಟ್ಟಬೇಡಿ!" ಅಂತ ಒಳಗಿಂದ ಕೂಗು ಬಂತು. ದೀಪಾವಳಿ ಡಿಸ್ಕೌಂಟಿನಲ್ಲಿ ತಂದು ಮೂರು ವರ್ಷ, ಓಡಿದ್ದು ಮೂರು ಸಲ. ಅದು ನನ್ನ ಹೆಂಡತಿಯದು ಅಂತ ಅವತ್ತೇ ಗೊತ್ತಾದದ್ದು.

"ಅತ್ತಿಗೆ, ನೀವು ಹೇಳಿದ್ದೇ ಸರಿ" ಅಂದ ಹೆಗಡೆ. "ಅದರಲ್ಲಿ ಎಳೆದರೆ ಜೇನು ಬರ್ತದೆ, ಜೀವ ಬರೋದಿಲ್ಲ."

ಹೆಗಡೆಯ ಮಾತಿಗೆ ತೂಕ ಇದೆ. ಊರಲ್ಲಿ ಅವರಪ್ಪ ಜೇನು ಸಾಕಿದವರು. ಸಾಲದ್ದಕ್ಕೆ ಇವನು ಇಲ್ಲೇ ಗಣೇಶಖಿಂಡ ರಸ್ತೆಯ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆಗೂ ಹೋಗಿ ಕಲಿತು ಬಂದವನು. ಆ ಸಂಸ್ಥೆ ಶುರುವಾಗಿದ್ದು 1962ರಲ್ಲಿ. ಅದರ ಮುಂದೆ ಎಷ್ಟೋ ವರ್ಷ ಓಡಾಡಿದ್ದೇನೆ, ಬೋರ್ಡು ಕಣ್ಣಿಗೆ ಬಿದ್ದಿರಲಿಲ್ಲ.

"ಮನೆ ಮಷೀನು ಸಿಕ್ಕಾಪಟ್ಟೆ ಎಳೀತದೆ. ಜೇನು ಪೈಪಿನೊಳಗೆ ಬಡಿದುಕೊಂಡು ಹೋಗಿ ಧೂಳಿನ ಚೀಲದಲ್ಲಿ ಸಾಯ್ತದೆ. ಜೇನು ಹಿಡಿಯೋ ವ್ಯಾಕ್ಯೂಮ್ ಅಂದರೆ ಮಷೀನಿಗೂ ಪೈಪಿಗೂ ನಡುವೆ ಒಂದು ಪೆಟ್ಟಿಗೆ. ಮಷೀನಿನ ಕಡೆಗೆ ಬಲೆ ಇರ್ತದೆ. ಗಾಳಿ ದಾಟ್ತದೆ, ಜೇನು ಪೆಟ್ಟಿಗೆಯಲ್ಲೇ ಉಳೀತದೆ."

"ಅಂದ್ರೆ ಮಾರಾಯ್ರೆ, ಬಸ್ಸಿಗೆ ಹತ್ತಿಸುವುದು, ಎಂಜಿನ್ನಿಗೆ ತುರುಕುವುದಲ್ಲ" ಅಂದರು ಶೆಟ್ರು. ಅವರು ಹೋಟೆಲಿನವರು, ಎರಡು ಮಾತಿನಲ್ಲಿ ಆರ್ಡರ್ ಮುಗಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಹೆಗಡೆ ಒಂದು ಪ್ಲಾಸ್ಟಿಕ್ ಡಬ್ಬ ತಂದು ಕೊರೆಯಲು ಕೂತ. ಒಂದು ಕಡೆ ಸೊಳ್ಳೆ ಬಲೆ. ಮುಚ್ಚಳದ ಪಕ್ಕದಲ್ಲಿ ಇನ್ನೊಂದು ತೂತು, ಅದರ ಮೇಲೆ ಅತ್ತಿತ್ತ ಸರಿಸುವ ಹಲಗೆ ಚೂರು. ಅದೇ ಇಡೀ ಯಂತ್ರದ ಗುಟ್ಟು. ಹಲಗೆ ಸರಿಸಿದಷ್ಟೂ ಗಾಳಿ ಆ ತೂತಿನಿಂದ ನುಗ್ಗುತ್ತದೆ, ಪೈಪಿನ ಎಳೆತ ತಗ್ಗುತ್ತದೆ. ಜೇನಿನ ಕಾಲು ಗೋಡೆ ಬಿಡಬೇಕು, ಅಷ್ಟೇ ಎಳೆತ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ಆಮೇಲೆ ನಮ್ಮ ವ್ಯಾಕ್ಯೂಮಿನ ಪೈಪಿನೊಳಗೆ ನನ್ನ ಬೆರಳು ಆಡಿಸಿದ. ಗರಗರ ಅಂತು, ಒಳಗೆಲ್ಲ ಸುರುಳಿ ಸುರುಳಿ ಏಣು. "ಇದರಲ್ಲಿ ಹೋದರೆ ರೆಕ್ಕೆ ಉಳಿಯುತ್ತಾ?" ಅಂದ. ಒಳಗೆ ನುಣ್ಣಗಿರುವ ಪೈಪು ಬೇಕಂತೆ. ಕೊನೆಗೆ ಶೆಟ್ರ ಹೋಟೆಲಿಂದ ಹೊಸ ನೀರಿನ ಪೈಪು ಬಂತು.

ಇನ್ನು ಎಳೆತ ಎಷ್ಟಿರಬೇಕು, ಪರೀಕ್ಷೆ ಹೇಗೆ? ಎಲ್ಲರ ಕಣ್ಣೂ ಒಟ್ಟಿಗೆ ಪಾಟೀಲರ ಚೀಲದ ಮೇಲೆ ಹೋಯಿತು.

"ಅದು ತಿನ್ನಾಕ ತಂದೇನ್ರೀ!"

ಯಾರು ಕೇಳಬೇಕು? ಹಲಗೆ ಮುಚ್ಚಿದ್ದಾಗ ಚುರುಮುರಿ ಕಾಣಲೇ ಇಲ್ಲ, ಡಬ್ಬದ ಬಲೆಗೆ ಬಡಿದ ಸದ್ದಷ್ಟೇ. ತೆಗೆದು ನೋಡಿದರೆ ಅರ್ಧ ಪುಡಿ. ಸ್ವಲ್ಪ ಸರಿಸಿದೆವು. ಮುರಿಯಿತು. ಇನ್ನಷ್ಟು ಸರಿಸಿದೆವು. ಈಗ ಒಂದೊಂದೇ ಕಾಳು ತಟ್ಟೆಯಿಂದ ಎದ್ದು, ಪೈಪಿನ ಬಾಯಲ್ಲಿ ಒಂದು ಸುತ್ತು ಹೊಡೆದು, ಮೆಲ್ಲಗೆ ಒಳಗೆ ಹೋಗಿ ಡಬ್ಬದಲ್ಲಿ ಕೂತಿತು. "ಇದು ಬರೀ ಅಂದಾಜು, ಜೇನು ಕಾಲೂರಿ ಹಿಡಕೊಳ್ತದೆ, ಅಲ್ಲಿ ಸ್ವಲ್ಪ ಹೆಚ್ಚು ಬೇಕಾದೀತು" ಅಂದ ಹೆಗಡೆ. ಅಷ್ಟರಲ್ಲಿ ಪಾಟೀಲರು ಪರೀಕ್ಷೆಯಲ್ಲಿ ಪಾಸಾದ ಚುರುಮುರಿಯನ್ನೆಲ್ಲ ತಿಂದು ಮುಗಿಸಿದ್ದರು.

ತಿನ್ನುತ್ತಲೇ ಅವರಿಗೆ ಧೈರ್ಯ ಬಂತು. ಎದುರಿನ ಟವರಿನ ಹನ್ನೆರಡನೇ ಮಹಡಿಗೆ ಹೆಜ್ಜೇನು ಕಟ್ಟಿದೆ. "ಅದನ್ನೂ ಎಳದಬಿಡೋಣೇನು?"

ಹೆಗಡೆ ಕೈ ಮುಗಿದ. "ಮೀಟರ್ ಪೆಟ್ಟಿಗೇಲಿರೋದು ತುಡುವೆ, ಮರಾಠಿಯವರ ಸಾತೇರಿ. ಅದು ಕತ್ತಲೆ ಪೊಟರೆಯಲ್ಲಿರೋ ಜಾತಿ, ಪೆಟ್ಟಿಗೆ ಕೊಟ್ಟರೆ ಇರ್ತದೆ. ಹೆಜ್ಜೇನು ಬಯಲಲ್ಲಿ ಒಂದೇ ಎರಿ, ಅಂದರೆ ಒಂದೇ ಮೇಣದ ತಟ್ಟೆ ಕಟ್ಟೋದು, ಪೆಟ್ಟಿಗೆಯಲ್ಲಿ ನಿಲ್ಲೋದಿಲ್ಲ. ಕೆಣಕಿದರೆ ಗುಂಪಾಗಿ ಬರ್ತವೆ. ಮರಾಠಿಯವರು ಅದನ್ನ ಆಗ್ಯಾ, ಅಂದರೆ ಬೆಂಕಿಯಂಥದ್ದು, ಅನ್ನೋದು ಸುಮ್ನೆ ಅಲ್ಲ. ಬಿಟ್ಟರೆ ಕಾಲ ಬಂದಾಗ ತಾವೇ ಹೋಗ್ತವೆ."

ಮುಂದಿನ ಶನಿವಾರ ಸಂಜೆ ಕೆಲಸ. ಹೊರಗೆ ಹೋದ ಜೇನೆಲ್ಲ ವಾಪಸು ಬರುವ ಹೊತ್ತು. ನಾನು ಸೊಳ್ಳೆ ಪರದೆ ಹೊದ್ದು ಮದುಮಗಳ ಹಾಗೆ ನಿಂತಿದ್ದೆ. ವ್ಯಾಕ್ಯೂಮ್ ಹಿಡಿದವನೇ ಹೀರೋ ಅಂದುಕೊಂಡಿದ್ದು ತಪ್ಪು. ಮುಕ್ಕಾಲು ಕೆಲಸ ಚಾಕುವಿನದು. ಹೆಗಡೆ ಸ್ವಲ್ಪ ಹೊಗೆ ಕೊಟ್ಟು, ಒಂದೊಂದೇ ಎರಿ ಕೊಯ್ದು, ಮರಿ ಇದ್ದದ್ದನ್ನು ಬಾಳೆ ನಾರಿನಲ್ಲಿ ಚೌಕಟ್ಟಿಗೆ ಕಟ್ಟಿ ನ್ಯೂಟನ್ ಅನ್ನೋ ಜೇನುಪೆಟ್ಟಿಗೆಗೆ ಇಳಿಸಿದ.

"ಸೇಬು ಬಿದ್ದ ನ್ಯೂಟನ್ನಾ?"

"ಅಲ್ಲ ಪಾಟೀಲ್ರೇ, ಪಾದ್ರಿ ನ್ಯೂಟನ್. ನೂರು ವರ್ಷದ ಹಿಂದೆ ದಕ್ಷಿಣದಲ್ಲಿ ಜನರಿಗೆ ಜೇನು ಸಾಕೋದು ಕಲಿಸಿದವರು. ಟಾರ್ಚ್ ನೆಟ್ಟಗೆ ಹಿಡೀರಿ."

ರಾಣಿಯನ್ನು ಪೈಪಿಗೆ ಬಿಡಲಿಲ್ಲ. ಮೊದಲೇ ಹುಡುಕಿ, ತೂತು ಮಾಡಿದ ಬೆಂಕಿಪೊಟ್ಟಣಕ್ಕೆ ಹಾಕಿದ. ಜೇನುತುಪ್ಪ ಸೋರಿದ ಎರಿಯನ್ನೂ ದೂರ ಇಟ್ಟ. ಜೇನಿನ ಮೈಗೆ ತುಪ್ಪ ಮೆತ್ತಿದರೆ ಪೈಪಿನಲ್ಲಿ ಒಂದಕ್ಕೊಂದು ಅಂಟಿಕೊಂಡು ಸಾಯುತ್ತವಂತೆ. ಇಷ್ಟೆಲ್ಲ ಆದ ಮೇಲೆ ಮೂಲೆಯಲ್ಲಿ ಗೊಂಚಲಾಗಿ ಕೂತವಕ್ಕೆ ನನ್ನ ವ್ಯಾಕ್ಯೂಮ್. ಟುಪ್, ಟುಪ್, ಟುಪ್. ಚುರುಮುರಿ ಹಾರಿದ ಹಾಗೆಯೇ. ಐದೇ ನಿಮಿಷಕ್ಕೆ ಹೆಗಡೆ ಡಬ್ಬ ಬಿಚ್ಚಿದ. ಇಕ್ಕಟ್ಟಿನಲ್ಲಿ ಜಾಸ್ತಿ ಹೊತ್ತು ಇಟ್ಟರೆ ತಮ್ಮ ಮೈ ಬಿಸಿಗೇ ಬೆಂದುಹೋಗುತ್ತವೆ ಅಂತ. ಎಲ್ಲವನ್ನೂ ಪೆಟ್ಟಿಗೆಯ ಎರಿಗಳ ಮೇಲೆ ಸುರಿದು, ರಾಣಿಯನ್ನೂ ಬಿಟ್ಟ. ಕಚ್ಚಿಸಿಕೊಂಡವರು ಶೆಟ್ರು ಮಾತ್ರ. ಅವರು ಗೇಟಿನ ಹೊರಗೆ ನಿಂತಿದ್ದರು.

ಹತ್ತಿರದಲ್ಲೇ ಇಟ್ಟರೆ ಹಳೇ ಜಾಗಕ್ಕೇ ಹಾರಿ ಬರುತ್ತವೆ ಅಂತ ರಾತ್ರಿಯೇ ಪೆಟ್ಟಿಗೆಯನ್ನು ಮುಳಶಿ ಕಡೆಯ ಒಂದು ತೋಟಕ್ಕೆ ಒಯ್ದೆವು. ಹೊರಡುವಾಗ ಸೆಕ್ರೆಟರಿ ಸ್ಟೀಲ್ ಡಬ್ಬ ಹಿಡಿದು ಇಳಿದು ಬಂದರು. "ಮಧ ಕುಠೆ?" ತುಪ್ಪ ಎಲ್ಲಿ ಅಂತ! ಹೆಗಡೆ ಜೇನು ಪೆಟ್ಟಿಗೆ ತೋರಿಸಿದ. ಅವರು ಡಬ್ಬ ಬೆನ್ನ ಹಿಂದೆ ಇಟ್ಟುಕೊಂಡರು.

ಬೆಳಗ್ಗೆ ತೋಟದಲ್ಲಿ ನಾವು ನಾಲ್ವರೂ ಪೆಟ್ಟಿಗೆಯ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತೆವು. ಕಸ ತೆಗೆಯುವ ಕೆಲಸ ನಡೆದಿತ್ತು. ಎರಡು ಜೇನು ಏನನ್ನೋ ಹಿಂದೆ ಹಿಂದೆ ಎಳೆದುಕೊಂಡು ಬಂದು, ಹಲಗೆ ತುದಿಯಿಂದ ಕೆಳಗೆ ನೂಕಿದವು. ಪಾಟೀಲರು ಬಗ್ಗಿ ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಅವರದೇ ಚುರುಮುರಿ, ಇಡೀ ಕಾಳು.

"ಬ್ಯಾಡಂತ್ರೀ" ಅಂದರು. ಮುಖ ಸಣ್ಣದಾಗಿತ್ತು.