ಸಕೆಯ ಸೀಸೆಯ ಮೇಲಿನ ‘ಸೇಮೈಬುಆಯಿ’, ‘ಕರಕುಚಿ’: ಕನ್ನಡದಲ್ಲಿ ಏನೆನ್ನಬಹುದು?

ಜಪಾನಿಗೆ ಹೋಗುವ ಕನ್ನಡಿಗರಿಗಾಗಿ, ಅಲ್ಲಿನ ಊರೂರುಗಳ ಸಕೆಯನ್ನು (ಅಕ್ಕಿಯಿಂದ ತಯಾರಿಸುವ ಮದ್ಯವನ್ನು) ಸವಿದು ಕೊಳ್ಳುವ ಬಗೆಯನ್ನು ತಿಳಿಸುವ ಕಿರು ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಸೀಸೆಯ ಚೀಟಿಯ ಮೇಲೆ ಕಾಣುವ ಎರಡು ಪದಗಳಿಗೆ ತಕ್ಕ ಕನ್ನಡ ಮಾತು ಬೇಕಾಗಿದೆ.

ಮೊದಲನೆಯದು ‘ಸೇಮೈಬುಆಯಿ’. ಅಕ್ಕಿಯ ಹೊರಪದರದಲ್ಲಿರುವ ಪ್ರೋಟೀನು ಮತ್ತು ಕೊಬ್ಬು ಸಕೆಯ ರುಚಿಯನ್ನು ಒರಟಾಗಿಸುವುದರಿಂದ, ಕಾಳನ್ನು ಊಟದ ಅಕ್ಕಿಗಿಂತ ಬಹಳ ಹೆಚ್ಚು ಸವೆಸುತ್ತಾರೆ. ಹಾಗೆ ಸವೆಸಿದ ಮೇಲೆ ತೂಕದಲ್ಲಿ ಶೇಕಡಾ ಎಷ್ಟು ಉಳಿಯಿತು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಮೇಲ್ದರ್ಜೆಯ ಸಕೆಯಾದ ‘ಗಿಂಜೊ’ ಎನಿಸಿಕೊಳ್ಳಲು ಅದು 60 ಅಥವಾ ಅದಕ್ಕಿಂತ ಕಡಿಮೆ, ಅದಕ್ಕೂ ಮೇಲಿನ ‘ದೈಗಿಂಜೊ’ ಎನಿಸಿಕೊಳ್ಳಲು 50 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ‘ಪಾಲಿಶ್ ಪ್ರಮಾಣ’ ಎಂದು ಬರೆದರೆ, 40 ಎಂಬ ಅಂಕಿಯನ್ನು ಕಂಡವರು ಶೇ. 40ರಷ್ಟು ತೆಗೆದಿದ್ದಾರೆಂದೇ ತಿಳಿಯುತ್ತಾರೆ. ತೆಗೆದದ್ದು ನಿಜವಾಗಿ ಶೇ. 60. ‘ತಳಿಸು’ ಎಂಬ ನಮ್ಮ ಹಳೆಯ ಕ್ರಿಯಾಪದ ನನಗೆ ಬಹಳ ಇಷ್ಟವಾದರೂ, ಅದು ತೌಡು ತೆಗೆಯುವುದಕ್ಕೆ ಸಲ್ಲುವ ಮಾತು. ಕಾಳಿನ ಅರ್ಧವನ್ನೇ ಸವೆಸುವ ಕೆಲಸಕ್ಕೆ ಅದು ಸಾಲದು. ಸದ್ಯಕ್ಕೆ ‘ಕಾಳಿನ ಉಳಿಕೆ’ ಎಂದು ಬರೆದಿದ್ದೇನೆ.

ಹೆಚ್ಚು ತೊಡಕಿನದು ‘ಕರಕುಚಿ’. ಜಪಾನಿ ಭಾಷೆಯಲ್ಲಿ ‘ಕರ’ ಎಂಬುದು ಮೆಣಸಿನ ಘಾಟಿಗೂ ಸಲ್ಲುತ್ತದೆ. ದನಿಯೂ ಹತ್ತಿರವಿರುವುದರಿಂದ ‘ಖಾರ’ ಎನ್ನಲು ಮನಸ್ಸಾಗುತ್ತದೆ. ಆದರೆ ಇಲ್ಲಿ ಖಾರವೇನೂ ಇಲ್ಲ. ಸಿಹಿ ಹಿಂದೆ ಸರಿದು, ಗುಟುಕು ಇಳಿದೊಡನೆ ರುಚಿ ಚುರುಕಾಗಿ ಮುಗಿಯುವ ಗುಣವಿದು. ನೀಗಾತ ಪ್ರಾಂತದ ಸಕೆ ಹೆಸರಾಗಿರುವುದೇ ‘ತನ್‌ರೇ ಕರಕುಚಿ’ ಎಂಬ ಈ ತಿಳಿಯಾದ, ಚುರುಕಾದ ರುಚಿಗೆ. ಎಚಿಗೊ-ಯುಜಾವಾ ರೈಲು ನಿಲ್ದಾಣದಲ್ಲಿ ಯಂತ್ರಕ್ಕೆ ಬಿಲ್ಲೆ ಹಾಕಿ ಆ ಪ್ರಾಂತದ ಬಗೆಬಗೆಯ ಸಕೆಯನ್ನು ಪುಟ್ಟ ಬಟ್ಟಲಲ್ಲಿ ಸವಿಯಬಹುದಾಗಿದ್ದು, ಅಲ್ಲಿ ಕರಕುಚಿಯನ್ನೂ ಸಿಹಿಯಾದ ‘ಅಮಕುಚಿ’ಯನ್ನೂ ಒಂದರ ಹಿಂದೊಂದು ಕುಡಿದವರಿಗೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ‘ಸಿಹಿಯಿಲ್ಲದ’ ಎನ್ನುವುದೂ ಸರಿಯಲ್ಲ; ಸಕ್ಕರೆಯ ಅಂಶ ಒಂದೇ ಇದ್ದರೂ ಹುಳಿ ಹೆಚ್ಚಿರುವ ಸಕೆ ನಾಲಿಗೆಗೆ ಹೆಚ್ಚು ಕರಕುಚಿ ಎನಿಸುತ್ತದೆ. ‘ಒಗರು’ ಬೇರೆಯೇ ರುಚಿ, ‘ಸಪ್ಪೆ’ ಎಂದರೆ ತೆಗಳಿದಂತೆ, ಇಂಗ್ಲಿಷಿನ ‘ಡ್ರೈ’ಯನ್ನು ಅನುಸರಿಸಿದ ‘ಒಣ’ ಎಂಬುದಂತೂ ಪಾನೀಯಕ್ಕೆ ಹೊಂದುವುದೇ ಇಲ್ಲ. ಹೋಟೆಲಿನಲ್ಲಿ ಕಾಫಿಗೆ ಹೇಳುವ ‘ಸಿಹಿ ಕಮ್ಮಿ’ ಇವೆಲ್ಲಕ್ಕಿಂತ ಮೇಲು, ಆದರೆ ಆ ಚುರುಕು ಅದರಲ್ಲಿ ಬರುವುದಿಲ್ಲ.

ಚೀಟಿಯ ಮೇಲೆ ಕಾಣುವ ಇನ್ನೊಂದು ಪದವಾದ ‘ನಮ’ ಎಂಬುದಕ್ಕೆ ಮಾತ್ರ ಕನ್ನಡ ಮಾತು ಸಲೀಸಾಗಿ ಒದಗಿತು. ಸಾಮಾನ್ಯವಾಗಿ ಸಕೆಯನ್ನು ಸುಮಾರು 60–65 ಡಿಗ್ರಿಗೆ ಎರಡು ಬಾರಿ ಕಾಯಿಸುತ್ತಾರೆ. ಒಮ್ಮೆಯೂ ಕಾಯಿಸದ್ದನ್ನು ‘ಹಸಿ ಸಕೆ’ ಎಂದರೆ, ಅದನ್ನು ತಂಪಿನಲ್ಲೇ ಇಡಬೇಕು, ದೂರದ ಪ್ರಯಾಣಕ್ಕೆ ಕೊಳ್ಳಬಾರದು ಎಂಬ ಎಚ್ಚರಿಕೆಯೂ ಪದದಲ್ಲೇ ಅಡಗಿರುತ್ತದೆ.

ಈಚಲು, ತೆಂಗಿನ ಕಳ್ಳು ಇಳಿಸುವ ಊರುಗಳಲ್ಲಿ, ಕಳ್ಳಿನ ಸಿಹಿ ಇಳಿದು ಇನ್ನೂ ಹುಳಿಯೇರದೆ ಚುರುಕಾಗಿರುವ ಹಂತಕ್ಕೆ, ‘ಕರಕುಚಿ’ಗೂ ಒದಗಬಹುದಾದ ಬೇರೆ ಹೆಸರಿದೆಯೇ? ಬಲ್ಲವರು ಆ ಪದವನ್ನು, ಅದು ಬಳಕೆಯಲ್ಲಿರುವ ಊರಿನ ಹೆಸರಿನೊಡನೆ, ದಯವಿಟ್ಟು ತಿಳಿಸಬೇಕು.